ಟಕ್ ಅನ್ನದ ಆಂಪ್ಲಿಫೈಯರ್

ಹಾಡು ಕೇಳುವ ರಿಸೀವರಿನ, ಅಂದರೆ ರೇಡಿಯೋವೂ ಸೇರಿರುವ ಆಂಪ್ಲಿಫೈಯರಿನ, ಬಟನ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ, ಈ ಸಲ ಸ್ವಲ್ಪ ಜೋರಾಗಿ, ಮೊದಲ ಸಲ ಅದಕ್ಕೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನುವ ಹಾಗೆ. ಆಗಲೂ ಇಲ್ಲ. ದಿನಾ ಆಗುತ್ತಿದ್ದದ್ದು ಇಷ್ಟು: ಮೊದಲು ಲೈಟು, ಮೂರು ಸೆಕೆಂಡ್ ಬಿಟ್ಟು ಒಳಗೆಲ್ಲೋ ‘ಟಕ್’ ಅಂತ ಒಂದು ಸದ್ದು, ಆಮೇಲೆ ಹಾಡು. ಆ ಟಕ್ ಸದ್ದನ್ನು ಇಷ್ಟು ವರ್ಷ ಕೇಳುತ್ತಾ ಬಂದಿದ್ದೆ. ಕೇಳುತ್ತಿದ್ದೆ ಅಂತ ಗೊತ್ತಾಗಿದ್ದು ಅದು ನಿಂತ ದಿನ.

“ಪ್ಲಗ್ ಹಾಕಿದೀರಾ?” ಒಳಗಿನಿಂದ ಹೆಂಡತಿ ಕೇಳಿದಳು.

ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆ ಉಳಿದಿಲ್ಲ. ಹಿಂದೊಮ್ಮೆ ಇದೇ ಪ್ರಶ್ನೆಗೆ ಮುಖ ಊದಿಸಿಕೊಂಡು, ಹದಿನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ಒಂದು ಗಂಟೆ ಒಳಗೆಲ್ಲ ಟಾರ್ಚ್ ಬಿಟ್ಟು ಹುಡುಕಿದ ಮೇಲೆ, ಎಕ್ಸ್‌ಟೆನ್ಶನ್ ಬೋರ್ಡಿನ ಸ್ವಿಚ್ಚೇ ಆಫ್ ಆಗಿದ್ದದ್ದು ಕಂಡಿತ್ತು. ಅದಕ್ಕೇ ಈಗ ಮೊದಲು ಮಾಡುವುದು ಅದನ್ನೇ. ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡುತ್ತೇನೆ. ಹಿಂದೆ ಚುಚ್ಚುವ ವೈರನ್ನು, ಅದೇ ಎಂಟರ ಆಕಾರದ ಬಾಯಿ ಇರುತ್ತದಲ್ಲ, ಬೇರೆ ಯಾವುದಾದರೂ ಸಾಧನದಿಂದ ತಂದು ಬದಲಿಸಿ ನೋಡುತ್ತೇನೆ. ಆ ವೈರು ಬಾಯಿಯ ಹತ್ತಿರ ಮಡಿಸಿ ಮಡಿಸಿ ಒಳಗೇ ತುಂಡಾಗಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೆಲವು ಆಂಪ್ಲಿಫೈಯರ್‌ಗಳ ಬೆನ್ನಿಗೆ ಇನ್ನೊಂದು ದೊಡ್ಡ ಸ್ವಿಚ್ ಇರುತ್ತದೆ, ಧೂಳು ಒರೆಸುವಾಗ ಕೈ ತಾಗಿ ಆಫ್ ಆಗಿರುತ್ತದೆ. ರಿಮೋಟಿನ ಮಾತು ನಂಬಲೇಬಾರದು, ಸಾಧನದ ಮೈಮೇಲಿರುವ ಬಟನ್ನನ್ನೇ ಒತ್ತಬೇಕು.

ಎಲ್ಲ ನೋಡಿದೆ. ಎಲ್ಲ ಸರಿಯಾಗಿತ್ತು. ಭಾವನಿಗೆ ಫೋನ್ ಮಾಡಿದೆ.

ಭಾವ ತುಂಬಾ ವರ್ಷ ಟಿವಿ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡಿದವರು. ಈಗ ಬಿಟ್ಟಿದ್ದಾರೆ, ಕಣ್ಣು ಮೊದಲಿನ ಹಾಗಿಲ್ಲ. ಆದರೆ ಫೋನಿನಲ್ಲಿ ರಿಪೇರಿ ಮಾಡುವುದು ಬಿಟ್ಟಿಲ್ಲ.

“ಭಾವ, ರಿಸೀವರ್ ಸತ್ತುಹೋಗಿದೆ.”

“ಸತ್ತಿದೆ ಅಂದ್ರೆ ಹೇಗೆ ಸತ್ತಿದೆ?”

ನನಗೆ ಅರ್ಥವಾಗಲಿಲ್ಲ. ಸತ್ತಿದೆ ಅಂದರೆ ಸತ್ತಿದೆ ಅಲ್ವಾ? ಅವರ ಪ್ರಕಾರ ಅಲ್ಲ. ಲೈಟ್ ಬಂದು, ಟಕ್ ಅಂದು, ಎರಡು ಸೆಕೆಂಡಿಗೆ ಆಫ್ ಆಗುತ್ತದೆ ಅಂದರೆ ಅದು ಸತ್ತಿಲ್ಲ, ಹೆದರಿದೆ. ಸ್ಪೀಕರ್ ವೈರಿನ ಒಂದು ಕೂದಲೆಳೆಯಷ್ಟು ತಂತಿ ಪಕ್ಕದ ಟರ್ಮಿನಲ್ಲಿಗೆ ತಾಗಿದ್ದರೂ ಸಾಕು, ಒಳಗಿನ ಪ್ರೊಟೆಕ್ಷನ್ ಸರ್ಕ್ಯೂಟ್ ಎಲ್ಲವನ್ನೂ ಮುಚ್ಚಿ ಕೂತುಬಿಡುತ್ತದೆ. ಎಲ್ಲ ಸ್ಪೀಕರ್ ಕಳಚಿ ಆನ್ ಮಾಡಿದಾಗ ನಿಂತುಕೊಂಡರೆ ತೊಂದರೆ ವೈರಿನಲ್ಲೋ ಸ್ಪೀಕರಿನಲ್ಲೋ ಇದೆ, ಪೆಟ್ಟಿಗೆ ಬಿಚ್ಚುವ ಕೆಲಸವೇ ಇಲ್ಲ. ಲೈಟ್ ಬರುತ್ತದೆ, ಟಕ್ ಮಾತ್ರ ಬರುವುದಿಲ್ಲ ಅಂದರೆ ಅದು ಬೇರೆ ಕಥೆ. ಆ ಟಕ್ ಅನ್ನುವುದು ಸ್ಪೀಕರ್ ರಿಲೇ, ಅಂದರೆ ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್. ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ (ಒಂದೇ ದಿಕ್ಕಿಗೆ ಹರಿದು ಸ್ಪೀಕರನ್ನು ಸುಡುವಂಥದ್ದು) ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಅದು ಸ್ಪೀಕರಿಗೆ ದಾರಿ ಬಿಡುತ್ತದೆ. ಅದು ದಾರಿ ಬಿಡುತ್ತಿಲ್ಲ ಅಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು. ಲೈಟೂ ಇಲ್ಲ, ಟಕ್ಕೂ ಇಲ್ಲ, ಬಿಸಿಯೂ ಇಲ್ಲ, ಕಲ್ಲಿನ ಹಾಗೆ ಕೂತಿದೆ ಅಂದರೆ ಆಗ ಮಾತ್ರ ಪವರ್ ಸಪ್ಲೈ ಕಡೆ ನೋಡಬೇಕು.

“ಕಲ್ಲಿನ ಹಾಗೆ ಕೂತಿದೆ” ಅಂದೆ.

“ಸಾಯೋ ಮುಂಚೆ ಏನ್ ಮಾಡ್ತಿತ್ತು?”

ಏನೂ ಇಲ್ಲ, ರಾತ್ರಿ ಚೆನ್ನಾಗಿಯೇ ಹಾಡಿತ್ತು. ಬೆಳಗಿನ ಜಾವ ಕರೆಂಟ್ ಹೋಗಿ ಬಂದಿತ್ತು. ಅದಾದ ಮೇಲೆ ಹೀಗೆ. ಕರೆಂಟ್ ಬರುವಾಗ ವೋಲ್ಟೇಜ್ ಜಾಸ್ತಿ ಬಂದು ಏನೋ ಸುಟ್ಟಿದೆ ಅಂತ ನಾನೇ ತೀರ್ಪು ಕೊಟ್ಟೆ. ಭಾವ ಬರೀ “ಹ್ಞೂಂ” ಅಂದರು. ಅವರ ಹ್ಞೂಂ ಒಪ್ಪಿಗೆಯಲ್ಲ, ಅದು ನನಗೆ ಗೊತ್ತು.

“ಫ್ಯೂಸ್ ನೋಡು ಮೊದ್ಲು. ಆದ್ರೆ ಆ ಕೆಲಸ ಮಾತ್ರ ಮಾಡಬೇಡಪ್ಪಾ.”

‘ಆ ಕೆಲಸ’ ಯಾವುದು ಅಂತ ಇಬ್ಬರಿಗೂ ಗೊತ್ತಿತ್ತು. ಅದು ಕಪಾಟಿನ ಮೇಲೆ ಬಟ್ಟೆ ಮುಚ್ಚಿಕೊಂಡು ಕೂತಿದೆ.

ಅದರ ಕಥೆ ಹೇಳಿಬಿಡುತ್ತೇನೆ. ಈ ರಿಸೀವರ್‌ಗಿಂತ ಮೊದಲು ನನ್ನ ಹತ್ತಿರ ಹಳೆಯ ಕಾಲದ ಒಂದು ಸ್ಟೀರಿಯೋ ಆಂಪ್ಲಿಫೈಯರ್ ಇತ್ತು. ರಿಮೋಟ್ ಇಲ್ಲ, ಡಿಸ್‌ಪ್ಲೇ ಇಲ್ಲ, ಮುಂದೆ ಖಟ್ ಅಂತ ಕೂರುವ ನಿಜವಾದ ಸ್ವಿಚ್, ಒಳಗೆ ಎತ್ತಿದರೆ ಸೊಂಟ ಹಿಡಿಯುವಂಥ ಟ್ರಾನ್ಸ್‌ಫಾರ್ಮರ್. ಒಂದು ದಿನ ಹಾಡುತ್ತಾ ಹಾಡುತ್ತಾ ‘ಪಟ್’ ಅಂತು, ನಿಂತುಹೋಯಿತು. ಬಿಚ್ಚಿ ನೋಡಿದೆ. ಗಾಜಿನ ಫ್ಯೂಸ್, 5 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಉದ್ದ, ಒಳಗೆಲ್ಲ ಕಪ್ಪು. ಆಹಾ, ಫ್ಯೂಸ್ ಹೋಗಿದೆ, ಸುಲಭದ ಕೆಲಸ ಅಂದುಕೊಂಡೆ.

ಆ ಕಪ್ಪನ್ನು ಓದಲು ಆಗ ನನಗೆ ಬರುತ್ತಿರಲಿಲ್ಲ. ಗಾಜು ಸ್ವಚ್ಛವಾಗಿದ್ದು, ತಂತಿ ಮಧ್ಯದಲ್ಲಿ ಮೆತ್ತಗೆ ಕರಗಿ ತುಂಡಾಗಿದ್ದರೆ, ಕರೆಂಟ್ ಸ್ವಲ್ಪ ಮಿತಿ ಮೀರಿತ್ತು ಅಂತಲೋ ಫ್ಯೂಸಿಗೇ ವಯಸ್ಸಾಗಿತ್ತು ಅಂತಲೋ ಅರ್ಥ. ಗಾಜಿನ ಒಳಗೆ ಕಪ್ಪು ಹಿಡಿದಿದ್ದರೆ, ಇಲ್ಲವೇ ಕನ್ನಡಿಗೆ ರಸ ಬಳಿದ ಹಾಗೆ ಬೆಳ್ಳಿ ಬಣ್ಣ ಕೂತಿದ್ದರೆ, ತಂತಿ ಕರಗಲೂ ಪುರುಸೊತ್ತಿಲ್ಲದೆ ಆವಿಯಾಗಿದೆ. ಅಂದರೆ ಒಳಗೆ ಎಲ್ಲೋ ನೇರ ಶಾರ್ಟ್ ಇದೆ. ಅಲ್ಲಿ ಹೊಸ ಫ್ಯೂಸ್ ಹಾಕುವುದು ಅಂದರೆ ಇನ್ನೊಂದು ಫ್ಯೂಸ್ ಬಲಿ ಕೊಡುವುದು, ಅಷ್ಟೇ.

ನಾನು ಬಲಿ ಕೊಟ್ಟೆ. ಹಾಕಿದ ತಕ್ಷಣ ಪಟ್. ಇನ್ನೊಂದು, ಪಟ್. ಮೂರನೆಯದಕ್ಕೆ ನನ್ನ ಬುದ್ಧಿ ಓಡಿತು ನೋಡಿ: ಈ ಫ್ಯೂಸ್ ತುಂಬಾ ನಾಜೂಕಿನದ್ದು, 2 ಆಂಪಿಯರ್ ಸಾಲದು, ಡಬ್ಬಿಯಲ್ಲಿ 6.3ರದ್ದು ಒಂದಿದೆ, ಅದನ್ನೇ ಹಾಕೋಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ. ಈ ಸಲ ಪಟ್ ಅನ್ನಲಿಲ್ಲ. ಟ್ರಾನ್ಸ್‌ಫಾರ್ಮರ್ ‘ಗುಂಯ್’ ಅಂತ ಗೊಣಗಲು ಶುರು ಮಾಡಿತು. ಅದನ್ನು ಕೇಳಿ ಖುಷಿಯಾಯಿತು, ಜೀವ ಬಂತು ಅಂದುಕೊಂಡೆ. ಅರ್ಧ ನಿಮಿಷ ಹೋಗಿರಬೇಕು, ಬಿಸಿ ವಾರ್ನಿಷ್ ವಾಸನೆ ಬಂತು, ಗೊಣಗಾಟ ಥಟ್ಟನೆ ನಿಂತಿತು. ತೆಗೆದು ನೋಡಿದರೆ 6.3ರ ಫ್ಯೂಸ್ ಹೊಸದರ ಹಾಗೆ ಹೊಳೆಯುತ್ತಿತ್ತು. ಅದನ್ನು ಉಳಿಸಲಿಕ್ಕೆ ಟ್ರಾನ್ಸ್‌ಫಾರ್ಮರ್ ಹೋಯಿತು.

ಫ್ಯೂಸಿನ ಲೋಹದ ಟೋಪಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ‘ಟಿ’ ಅಥವಾ ‘ಎಫ್’ ಇರುತ್ತದೆ, ಅದನ್ನೂ ನಾನು ಆಗ ನೋಡಿರಲಿಲ್ಲ. ಎರಡೂ ಜರ್ಮನ್ ಭಾಷೆಯಿಂದ ಬಂದದ್ದು. ಟಿ ಅಂದರೆ ನಿಧಾನದ್ದು, ಎಫ್ ಅಂದರೆ ಚುರುಕಿನದ್ದು. ದೊಡ್ಡ ಟ್ರಾನ್ಸ್‌ಫಾರ್ಮರ್ ಆನ್ ಆದ ಆ ಒಂದು ಕ್ಷಣ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ, ಆಮೇಲೆ ತಣ್ಣಗಾಗುತ್ತದೆ. ಆ ಕ್ಷಣವನ್ನು ಸಹಿಸಿಕೊಳ್ಳಲಿ ಅಂತ ಅಲ್ಲಿ ನಿಧಾನದ ಫ್ಯೂಸ್ ಇಟ್ಟಿರುತ್ತಾರೆ. ಹಾಗಾಗಿ ಆಂಪಿಯರ್ ಒಂದೇ ಇದ್ದರೆ ಸಾಲದು, ಅಕ್ಷರವೂ ಅದೇ ಇರಬೇಕು.

ಆ ಆಂಪ್ಲಿಫೈಯರಿಗೆ ನಿಜವಾಗಿ ಏನಾಗಿತ್ತು ಅಂತ ಕೇಳಿದರೆ ನಗು ಬರುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಬರುವ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡುಗಳಲ್ಲಿ ಒಂದು ಶಾರ್ಟ್ ಆಗಿತ್ತು. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಮುಟ್ಟಿಸಿದರೆ ಒಳ್ಳೆಯ ಡಯೋಡ್ ಒಂದು ಕಡೆ 0.5ರಿಂದ 0.7 ವೋಲ್ಟ್ ತೋರಿಸುತ್ತದೆ, ಇನ್ನೊಂದು ಕಡೆ ಏನೂ ಇಲ್ಲ. ಕೆಟ್ಟದ್ದು ಎರಡೂ ಕಡೆ ಸೊನ್ನೆ ತೋರಿಸಿ ಬೀಪ್ ಅನ್ನುತ್ತದೆ. ಎರಡು ನಿಮಿಷದ ಪರೀಕ್ಷೆ. ಪ್ಲಗ್ಗೂ ಹಾಕಬೇಕಾಗಿಲ್ಲ.

ಭಾವ ಆಗ ಬೈಯಲಿಲ್ಲ. ಮುಂದಿನ ಸಲ ಬಂದಾಗ ಒಂದು ಬಲ್ಬ್ ಹೋಲ್ಡರ್, ಎರಡು ಮೊಳ ವೈರು, ಒಂದು ಸಾಕೆಟ್ ತಂದು, ಮರದ ಹಲಗೆಯ ಮೇಲೆ ಜೋಡಿಸಿ ಕೊಟ್ಟು ಹೋದರು. ಕರೆಂಟು ಬಲ್ಬಿನ ಮೂಲಕ ಹಾದು ಸಾಧನಕ್ಕೆ ಹೋಗುವ ಹಾಗೆ, ಸಾಲಾಗಿ. ಬಲ್ಬು ಹಳೆಯ ತಂತಿಯದ್ದೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಇಷ್ಟು ಸಾದಾ ಉಪಕರಣ ಇಷ್ಟು ಕೆಲಸ ಮಾಡುವುದನ್ನು ನಾನು ಬೇರೆ ನೋಡಿಲ್ಲ. 230 ವೋಲ್ಟಿನ 60 ವ್ಯಾಟ್ ಬಲ್ಬು ಉರಿಯುವಾಗ ಅದರ ತಂತಿ ಸುಮಾರು 880 ಓಮ್ ಇರುತ್ತದೆ, ತಣ್ಣಗಿದ್ದಾಗ ಅದರ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಧಗ್ ಅಂತ ಪೂರ್ತಿ ಉರಿದು, ಕಾಲು ಆಂಪಿಯರಿಗಿಂತ ಜಾಸ್ತಿ ಏನೂ ಮುಂದೆ ಹೋಗದ ಹಾಗೆ ತಡೆಯುತ್ತದೆ. ಶಾರ್ಟ್ ಇಲ್ಲದಿದ್ದರೆ ಒಂದು ಕ್ಷಣ ಮಿನುಗಿ, ಒಳಗೆ ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ತುಂಬಿದ ಮೇಲೆ ಮಂಕಾಗುತ್ತದೆ. ಆ ಹಲಗೆ ಒಂದು ತಿಂಗಳು ಮೊದಲು ಬಂದಿದ್ದರೆ ಕಪಾಟಿನ ಮೇಲೆ ಆ ಬಟ್ಟೆಯ ಗಂಟು ಇರುತ್ತಿರಲಿಲ್ಲ.

ಈಗ ರಿಸೀವರ್ ಕಡೆ ಬರೋಣ. ಫ್ಯೂಸ್ ತೆಗೆದು ನೋಡಿದೆ: ಗಾಜು ಸ್ವಚ್ಛ, ತಂತಿ ಇಡಿಯಾಗಿದೆ, ಮೀಟರ್ ಬೀಪ್ ಅನ್ನುತ್ತದೆ. ಅಂದರೆ ಇದು ಸದ್ದು ಮಾಡಿ ಸತ್ತದ್ದಲ್ಲ, ಸುಮ್ನೆ ಸತ್ತದ್ದು. ಬಲ್ಬಿನ ಹಲಗೆಗೆ ಹಾಕಿದೆ. ಬಲ್ಬು ಕಣ್ಣು ಮಿಟುಕಿಸಿದ ಹಾಗೆ ಮಾಡಿ ಆರಿತು. ಶಾರ್ಟ್ ಇಲ್ಲ.

ಹೀಗೆ ಸುಮ್ಮನೆ ಸಾಯುವವುಗಳಲ್ಲಿ ಮೊದಲು ನೋಡಬೇಕಾದ ಜಾಗ ದೊಡ್ಡ ಟ್ರಾನ್ಸ್‌ಫಾರ್ಮರ್ ಅಲ್ಲ. ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಕೂತಿರುವ ಇನ್ನೊಂದು ಪುಟ್ಟ ಪವರ್ ಸಪ್ಲೈ. ಈಗಿನ ಸಾಧನಗಳಲ್ಲಿ ಮುಂದಿನ ಬಟನ್ ನಿಜವಾದ ಸ್ವಿಚ್ಚೇ ಅಲ್ಲ. ಅದು ಬಾಗಿಲು ತೆರೆಯುವುದಿಲ್ಲ, ಬರೀ ಬೆಲ್ ಒತ್ತುತ್ತದೆ. ಒಳಗೊಬ್ಬ ಕಾವಲುಗಾರ ಎದ್ದೇ ಇರಬೇಕು, ಬೆಲ್ ಕೇಳಿಸಿಕೊಳ್ಳಬೇಕು, ರಿಲೇ ಎಳೆದು ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಬಿಡಬೇಕು. ಆ ಕಾವಲುಗಾರನಿಗೆ ದಿನದ 24 ಗಂಟೆಯೂ 5 ವೋಲ್ಟ್ ಬೇಕು. ಅದನ್ನು ಕೊಡುವುದೇ ಈ ಪುಟ್ಟ ಸ್ಟ್ಯಾಂಡ್‌ಬೈ ಸಪ್ಲೈ. ಇಷ್ಟಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರನ್ನೇ ಇಡೀ ದಿನ ಬಿಸಿ ಮಾಡಿಟ್ಟರೆ ಸುಮ್ಮನೆ ವಿದ್ಯುತ್ ಪೋಲು. 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಸ್ಟ್ಯಾಂಡ್‌ಬೈನಲ್ಲಿ 1 ವ್ಯಾಟ್ ಮೀರಬಾರದು ಅನ್ನುವ ಗುರಿ ಮುಂದಿಟ್ಟಿತು. ಯುರೋಪಿಯನ್ ಒಕ್ಕೂಟ 2010ರಿಂದ ಅದನ್ನು ಕಾನೂನೇ ಮಾಡಿತು, 2013ರಿಂದ ಅರ್ಧ ವ್ಯಾಟಿಗೆ ಇಳಿಸಿತು. ಹಾಗಾಗಿ ಪುಟ್ಟ ಸಪ್ಲೈ ಬೇರೆ, ದೊಡ್ಡದು ಬೇರೆ ಅನ್ನುವ ಜೋಡಣೆ ಎಲ್ಲೆಡೆ ಬಂತು. ಒಳ್ಳೆಯದೇ ಆಯಿತು, ನನಗೇನೂ ತಕರಾರಿಲ್ಲ. ಆದರೆ ಮನೆಯವರೆಲ್ಲ ಮಲಗಿದಾಗಲೂ ಎದ್ದಿರುವವನಿಗೇ ಮೊದಲು ವಯಸ್ಸಾಗುತ್ತದೆ.

ಎಷ್ಟು ಬೇಗ ಅಂತ ಒಂದು ಲೆಕ್ಕ ಹಾಕಿ ನೋಡಿ. ಸಾಮಾನ್ಯ ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಮೈಮೇಲೆ 105 ಡಿಗ್ರಿ ಅಂತ ಬರೆದಿರುತ್ತದೆ. ಅಷ್ಟು ಬಿಸಿಯಲ್ಲಿ 2000 ಗಂಟೆ ಬಾಳುತ್ತದೆ ಅಂತ ಅದರ ವಿವರಪಟ್ಟಿಯಲ್ಲಿ ಇರುತ್ತದೆ ಅಂದುಕೊಳ್ಳಿ. ಬಿಸಿ 10 ಡಿಗ್ರಿ ಕಡಿಮೆಯಾದ ಹಾಗೆಲ್ಲ ಆಯುಸ್ಸು ಎರಡರಷ್ಟಾಗುತ್ತದೆ ಅನ್ನುವುದು ಈ ಕೆಲಸದವರ ಬಾಯಿಲೆಕ್ಕ. 65 ಡಿಗ್ರಿಯಲ್ಲಿ 32,000 ಗಂಟೆ. ತುಂಬಾ ಅನಿಸುತ್ತದೆ ಅಲ್ವಾ? ಒಂದು ವರ್ಷಕ್ಕೆ 8,760 ಗಂಟೆ. ಮೂರೂವರೆ ವರ್ಷ ಚಿಲ್ಲರೆ, ಮುಗಿಯಿತು. ಅಷ್ಟಕ್ಕೇ ಸತ್ತೇಹೋಗುತ್ತದೆ ಅಂತಲ್ಲ, ಅಲ್ಲಿಂದ ಇಳಿಜಾರು. ದಿನಕ್ಕೆ ಎರಡು ಗಂಟೆ ಹಾಡು ಕೇಳುವವನ ಆಂಪ್ಲಿಫೈಯರಿನ ಭಾರೀ ಭಾಗಗಳಿಗೆ ಅದೇ ಲೆಕ್ಕ ಹಾಕಿದರೆ ನಲವತ್ತು ವರ್ಷ ದಾಟುತ್ತದೆ. ಎಲ್ಲಕ್ಕಿಂತ ಚಿಕ್ಕ, ಎಲ್ಲಕ್ಕಿಂತ ಅಗ್ಗದ ಭಾಗವೊಂದು ಮುದಿಯಾಗಿ, ಮಿಕ್ಕ ಎಲ್ಲ ಯೌವನದಲ್ಲಿರುವಾಗಲೇ ಇಡೀ ಪೆಟ್ಟಿಗೆ ಗುಜರಿಗೆ ಹೋಗುತ್ತದೆ.

ಇನ್ನು ಮೀಟರ್ ಹಿಡಿಯಬೇಕು. ಇಲ್ಲಿ ಸ್ವಲ್ಪ ಹೆದರಿಕೆ ಇರಲಿ. ಪ್ಲಗ್ಗಿನಿಂದ ಬಂದ 230 ವೋಲ್ಟ್ ಎಸಿಯನ್ನು ಈ ಪುಟ್ಟ ಸಪ್ಲೈ ಮೊದಲು ನೇರವಾಗಿ ಡಿಸಿ ಮಾಡುತ್ತದೆ, ಆಗ ಅದು ಸುಮಾರು 325 ವೋಲ್ಟ್ ಆಗುತ್ತದೆ. ಒಂದು ಕೈ ಜೇಬಿನಲ್ಲಿಟ್ಟು, ಇನ್ನೊಂದರಲ್ಲಿ ಮಾತ್ರ ಮೀಟರಿನ ಮೊನೆ ಹಿಡಿಯುವುದನ್ನು ಭಾವ ಕಲಿಸಿದ್ದರು, ಕರೆಂಟ್ ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹೋಗದಿರಲಿ ಅಂತ. ಕಪ್ಪು ಮೊನೆಯನ್ನು ಪೆಟ್ಟಿಗೆಯ ಲೋಹಕ್ಕೆ ಸಿಕ್ಕಿಸಿ ಅಳೆದೆ. ಏನೇನೋ ಅಂಕಿ ಬಂತು, ಒಂದಕ್ಕೊಂದು ತಾಳೆಯಿಲ್ಲ. ಹತ್ತು ನಿಮಿಷ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಪ್ಲಗ್ಗಿನ ಕಡೆಯ ನೆಲವೇ, ಅಂದರೆ ಅಳತೆ ಶುರುವಾಗುವ ಸೊನ್ನೆಯೇ, ಬೇರೆ, ಪೆಟ್ಟಿಗೆಯ ಕಡೆಯ ನೆಲವೇ ಬೇರೆ, ಎರಡರ ಮಧ್ಯೆ ಬೇಕೆಂದೇ ಗೋಡೆ ಕಟ್ಟಿರುತ್ತಾರೆ. ಕಪ್ಪು ಮೊನೆಯನ್ನು 400 ವೋಲ್ಟಿನ ಕೆಪಾಸಿಟರಿನ ಮೈನಸ್ ಕಾಲಿಗೆ ಇಟ್ಟೆ. 318 ವೋಲ್ಟ್. ಅಲ್ಲಿಯವರೆಗೆ ಎಲ್ಲ ಬರುತ್ತಿದೆ.

ಆಮೇಲೆ ಈಚೆ ಕಡೆ, 5 ವೋಲ್ಟ್ ಇರಬೇಕಾದ ಜಾಗ. ಸೊನ್ನೆ. ಸರಿ, ಸತ್ತಿದೆ ಅಂತ ಮೊನೆ ತೆಗೆಯುವವನಿದ್ದೆ, ಅಷ್ಟರಲ್ಲಿ 0.4 ಅಂತ ತೋರಿಸಿ ಮತ್ತೆ ಸೊನ್ನೆ ಆಯಿತು. ಕೈ ಅಲುಗಿತೇನೋ ಅಂದುಕೊಂಡೆ. ಒಂದು ಸೆಕೆಂಡ್ ಬಿಟ್ಟು ಮತ್ತೆ 0.4. ಮತ್ತೆ ಸೊನ್ನೆ. ಫ್ಯಾನ್ ಆಫ್ ಮಾಡಿ ಬೋರ್ಡಿನ ಮೇಲೆ ಬಗ್ಗಿ ಕಿವಿ ಕೊಟ್ಟೆ, ಮುಟ್ಟದ ಹಾಗೆ ದೂರದಿಂದ. ಇರುವೆ ನಡೆದಷ್ಟು ಸಣ್ಣ ಸದ್ದು. ಟಿಕ್. ಟಿಕ್. ಟಿಕ್.

ಭಾವನಿಗೆ ಹೇಳಿದೆ. “ಹಾಗಾದ್ರೆ ಅದು ಸತ್ತಿಲ್ಲ ಕಣಪ್ಪಾ, ಏಳೋಕೆ ಒದ್ದಾಡ್ತಿದೆ. ಐಸಿ ಪಕ್ಕ ಒಂದು ಚಿಕ್ಕ ಕೆಪಾಸಿಟರ್ ಇರುತ್ತೆ ನೋಡು.”

ಅದು ಹೀಗೆ. ಸಪ್ಲೈ ನಡೆಸುವ ಪುಟ್ಟ ಐಸಿಗೂ, ಅಂದರೆ ಚಿಪ್ಪಿಗೂ, ಏಳಲು ಸ್ವಲ್ಪ ಊಟ ಬೇಕು. ಆ ಚಿಕ್ಕ ಕೆಪಾಸಿಟರ್ ನಿಧಾನಕ್ಕೆ ತುಂಬಿಕೊಂಡು ಐಸಿಗೆ ಮೊದಲ ತುತ್ತು ಕೊಡುತ್ತದೆ. ಐಸಿ ಎದ್ದು ಟ್ರಾನ್ಸ್‌ಫಾರ್ಮರ್ ನಡೆಸತೊಡಗಿದ ಮೇಲೆ, ಅದೇ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಸುರುಳಿಯಿಂದ ಐಸಿಗೆ ಊಟ ಬರುತ್ತದೆ. ಕೆಪಾಸಿಟರ್ ಒಣಗಿ ಅದರ ಹೊಟ್ಟೆ ಚಿಕ್ಕದಾಗಿದ್ದರೆ ಮೊದಲ ತುತ್ತು ಅರ್ಧಕ್ಕೇ ಖಾಲಿ. ಐಸಿ ಎದ್ದು ಕೂರುವಷ್ಟರಲ್ಲಿ ಬಿದ್ದುಹೋಗುತ್ತದೆ. ಮತ್ತೆ ತುಂಬು, ಮತ್ತೆ ಏಳು, ಮತ್ತೆ ಬೀಳು. ನಾನು ಕಲ್ಲಿನ ಹಾಗೆ ಕೂತಿದೆ ಅಂದಿದ್ದೆನಲ್ಲ, ಅದು ಪ್ಲಗ್ ಹಾಕಿದ್ದಷ್ಟು ಹೊತ್ತೂ ಸೆಕೆಂಡಿಗೊಂದು ಸಲ ಏಳಲು ನೋಡುತ್ತಲೇ ಇತ್ತು.

ಕರೆಂಟ್ ಹೋಗಿ ಬಂದ ಮೇಲೆ ಯಾಕೆ ಹೀಗಾಯಿತು ಅನ್ನುವುದಕ್ಕೂ ಇಲ್ಲೇ ಉತ್ತರ. ಒಮ್ಮೆ ಎದ್ದವನಿಗೆ ಆ ಕೆಪಾಸಿಟರಿನ ಹಂಗು ಅಷ್ಟಾಗಿ ಇಲ್ಲ, ಸುರುಳಿಯಿಂದ ಊಟ ಬರುತ್ತಲೇ ಇರುತ್ತದೆ. ಅದು ತಿಂಗಳುಗಟ್ಟಲೆ ಒಣಗುತ್ತಾ ಬಂದಿದ್ದರೂ ಪ್ಲಗ್ ತೆಗೆಯದೆ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಕರೆಂಟ್ ಹೋದಾಗ ಮಲಗಿತು, ಬಂದಾಗ ಏಳಲು ಆಗಲಿಲ್ಲ. ನಾನು ವೋಲ್ಟೇಜಿಗೆ ಬೈದುಕೊಂಡು ಕೂತಿದ್ದೆ. ನೆನಪು ಮಾಡಿಕೊಂಡರೆ ಹಿಂದಿನ ಸಲ ಮನೆಗೆ ಸುಣ್ಣ ಬಣ್ಣ ಹೊಡೆಸುವಾಗ ಪ್ಲಗ್ ತೆಗೆದು ಹಾಕಿದ ದಿನ ಲೈಟ್ ಬರಲು ಅರ್ಧ ನಿಮಿಷ ತಡವಾಗಿತ್ತು. ಆಗಲೇ ಹೇಳಿತ್ತು ಪಾಪ.

ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಕೆಪಾಸಿಟರ್ ಬಿಚ್ಚುವ ಮೊದಲು ಅಭ್ಯಾಸಬಲದಿಂದ ಆ ದೊಡ್ಡದನ್ನು ಇನ್ನೊಮ್ಮೆ ಅಳೆದೆ. 290 ವೋಲ್ಟ್. ಬೆನ್ನಲ್ಲಿ ಚಳಿ ಹುಟ್ಟಿತು. ಕೆಲಸ ಮಾಡುವ ಸಪ್ಲೈಯಾದರೆ ತನ್ನ ಚಾರ್ಜನ್ನು ತಾನೇ ತಿಂದು ಮುಗಿಸುತ್ತದೆ. ಏಳಲಾಗದ ಸಪ್ಲೈಯಲ್ಲಿ ತಿನ್ನುವವರು ಕಡಿಮೆ, ಚಾರ್ಜ್ ತುಂಬಾ ಹೊತ್ತು ಕೂತಿರಬಹುದು. ಅಂದರೆ ಕೆಟ್ಟುಹೋದ ಸಾಧನವೇ ಒಳ್ಳೆಯದಕ್ಕಿಂತ ಜಾಸ್ತಿ ಅಪಾಯದ್ದು. ಕೆಲವರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟಾರ್ ಅನ್ನಿಸುತ್ತಾರೆ. ನೋಡಲು ಗಂಡಸುತನ ಅನಿಸಬಹುದು, ಸ್ಕ್ರೂಡ್ರೈವರಿನ ತುದಿ ಕರಗುತ್ತದೆ, ಬೋರ್ಡಿನ ತಾಮ್ರ ಹಾರುತ್ತದೆ, ಕಿಡಿ ಕಣ್ಣಿಗೆ ಬರುತ್ತದೆ. ಎರಡು ಮೂರು ಸಾವಿರ ಓಮಿನ, 5 ವ್ಯಾಟಿನ ರೆಸಿಸ್ಟರಿಗೆ ಎರಡು ವೈರು ಬೆಸೆದು, ಪ್ಲಾಸ್ಟಿಕ್ ಕೊಳವೆ ಹಾಕಿ ಇಟ್ಟುಕೊಂಡಿದ್ದೇನೆ. ಅದನ್ನು ಕೆಲವು ಸೆಕೆಂಡ್ ಮುಟ್ಟಿಸಿದರೆ ಸದ್ದಿಲ್ಲದೆ ಇಳಿಯುತ್ತದೆ. ಇಳಿಯಿತು ಅಂತ ಮೀಟರಿನಲ್ಲಿ ನೋಡಿದ ಮೇಲೆಯೇ ಬೆರಳು.

ಬಿಚ್ಚುವ ಮುನ್ನ ಒಂದು ಆಟ ಆಡಿದೆ. ಕೂದಲು ಒಣಗಿಸುವ ಮಷೀನಿನಿಂದ, ರಿಸೀವರಿನ ಪ್ಲಗ್ ಹಾಕದೆಯೇ, ಆ ಚಿಕ್ಕ ಕೆಪಾಸಿಟರಿಗೆ ಒಂದು ನಿಮಿಷ ಬಿಸಿ ಗಾಳಿ ಬಿಟ್ಟು, ಮಷೀನ್ ಪಕ್ಕಕ್ಕಿಟ್ಟು, ದೂರ ನಿಂತು ಪ್ಲಗ್ ಹಾಕಿದೆ. ಲೈಟ್ ಬಂತು! ಬಿಸಿಯಾದಾಗ ಒಣಗಿದ ಕೆಪಾಸಿಟರಿನ ಒಳಗಿನ ತಡೆ ಕಡಿಮೆಯಾಗಿ ಸ್ವಲ್ಪ ಹೊತ್ತು ಜೀವ ಬರುತ್ತದೆ. ಅದು ರಿಪೇರಿಯಲ್ಲ, ಆದರೆ ಕಳ್ಳ ಇವನೇ ಅಂತ ಬೆರಳು ತೋರಿಸುತ್ತದೆ.

22 ಮೈಕ್ರೋಫ್ಯಾರಡ್, 50 ವೋಲ್ಟ್. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಮೇಲೆ ಉಬ್ಬಿಲ್ಲ, ಕೆಳಗೆ ಸೋರಿಲ್ಲ, ನೋಡಲು ಹೊಸದರ ಹಾಗೇ ಇದೆ. ಉಬ್ಬಿದ್ದನ್ನು ಮಾತ್ರ ಹುಡುಕುವವರಿಗೆ ಇದು ಯಾವತ್ತೂ ಸಿಗುವುದಿಲ್ಲ. ಬಿಚ್ಚಿ ಅಳೆದರೆ 4 ಮೈಕ್ರೋಫ್ಯಾರಡ್ ಕೂಡ ಇರಲಿಲ್ಲ. ಪಕ್ಕದಲ್ಲೇ ಸದಾ ಬಿಸಿಯಾಗಿರುವ ಒಂದು ರೆಸಿಸ್ಟರ್, ಅದರ ಕೆಳಗೆ ಬೋರ್ಡೇ ಕಂದು ಬಣ್ಣಕ್ಕೆ ತಿರುಗಿತ್ತು. ಒಲೆಯ ಪಕ್ಕ ಕೂರಿಸಿದರೆ ಯಾರು ತಾನೆ ಒಣಗುವುದಿಲ್ಲ? ಹೊಸದು ಹಾಕುವಾಗ ಮೈಮೇಲಿನ ಪಟ್ಟಿ ಮೈನಸ್ ಕಡೆ ಅನ್ನುವುದನ್ನು ಎರಡು ಸಲ ನೋಡಿ, 105 ಡಿಗ್ರಿಯದ್ದನ್ನೇ, ರೆಸಿಸ್ಟರಿನಿಂದ ಒಂದು ಚೂರು ಆಚೆ ವಾಲಿಸಿ ಬೆಸೆದೆ. ಬೆಸುಗೆ ಕಿತ್ತು ಬರಲು ಸ್ವಲ್ಪ ಹಟ ಮಾಡಿತು. ಸೀಸವಿಲ್ಲದ ಸೋಲ್ಡರ್ ಕರಗುವುದು 217 ಡಿಗ್ರಿಯ ಆಸುಪಾಸಿನಲ್ಲಿ, ಹಳೆಯ ಸೀಸದ್ದು 183ಕ್ಕೇ ಕರಗುತ್ತದೆ. ಹಳೆಯದನ್ನು ಒಂದು ತೊಟ್ಟು ಸೇರಿಸಿದರೆ ಬೇಗ ಬಿಡುತ್ತದೆ.

ಆಗಿದ್ದಾಗಲಿ, ಕೈ ಹಾಕಿದ್ದೇನೆ, ಎಲ್ಲ ಕೆಪಾಸಿಟರನ್ನೂ ಬದಲಿಸಿಬಿಡೋಣವೇ ಅಂತ ಒಂದು ಚಪಲ ಬರುತ್ತದೆ. ಎಷ್ಟೋ ಜನ ಅದನ್ನೇ ಸಲಹೆ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅರವತ್ತು ಕೆಪಾಸಿಟರ್ ಅಂದರೆ ನೂರಿಪ್ಪತ್ತು ಬೆಸುಗೆ, ಅದರಲ್ಲಿ ಒಂದು ತಾಮ್ರದ ಪಟ್ಟಿ ಎದ್ದರೂ, ಒಂದು ಉಲ್ಟಾ ಕೂತರೂ, ಮೊದಲಿಲ್ಲದ ಹೊಸ ರೋಗ ನಾವೇ ತಂದುಕೊಂಡ ಹಾಗೆ. ಆ ಪುಟ್ಟ ಸಪ್ಲೈಯೊಳಗೆ ಇದರ ಜೊತೆ ಅಷ್ಟೇ ವಯಸ್ಸಾದ ಇನ್ನೆರಡಿದ್ದವು, 5 ವೋಲ್ಟಿನ ಕಡೆ, ಅವನ್ನು ಬದಲಿಸಿದೆ. ಅಲ್ಲಿಗೆ ನಿಲ್ಲಿಸಿದೆ.

ಬಲ್ಬಿನ ಹಲಗೆಯಲ್ಲಿ ಪ್ಲಗ್. ಲೈಟ್. ಬಟನ್. ಒಂದು, ಎರಡು, ಮೂರು. ಟಕ್.

ಹೆಂಡತಿ ಬಂದು ನೋಡಿ, “ಏನಾಗಿತ್ತಂತೆ?” ಅಂದಳು. ಕೈಯಲ್ಲಿದ್ದ ಹಳೆಯ ಕೆಪಾಸಿಟರ್ ತೋರಿಸಿದೆ. “ಇಷ್ಟಕ್ಕೆ ಎರಡು ದಿನವಾ?” ಅಂದು ಹೋದಳು.

ಇದಾದ ಮೇಲೆ ಕಪಾಟಿನ ಮೇಲಿನ ಗಂಟು ಕಣ್ಣಿಗೆ ಚುಚ್ಚತೊಡಗಿತು. ಹೋದ ಭಾನುವಾರ ಇಳಿಸಿದೆ. ಡಯೋಡುಗಳನ್ನು ಬದಲಿಸುವುದು ದೊಡ್ಡ ಕೆಲಸವಾಗಲಿಲ್ಲ. ಟ್ರಾನ್ಸ್‌ಫಾರ್ಮರಿನ ಪ್ಲಗ್ ಕಡೆಯ ಸುರುಳಿ ಅಳೆದರೆ ಪೂರ್ತಿ ಓಪನ್, ಅಂದರೆ ಎಲ್ಲೋ ದಾರಿ ತುಂಡಾಗಿದೆ. ಸುಟ್ಟೇ ಹೋಗಿದೆ ಅಂತ ಇಷ್ಟು ವರ್ಷ ನಂಬಿದ್ದೆ. ಭಾವ ಫೋನಿನಲ್ಲಿ, “ಹಳದಿ ಟೇಪ್ ಸ್ವಲ್ಪ ಬಿಡಿಸಿ ನೋಡು, ಮೊದಲ ಸುತ್ತಿನ ಹತ್ತಿರ ಏನಾದ್ರೂ ಗಂಟಿನ ಹಾಗೆ ಇದೆಯಾ” ಅಂದರು. ಬ್ಲೇಡಿನಿಂದ ಮೆಲ್ಲಗೆ ಸೀಳಿದೆ. ಅಲ್ಲಿತ್ತು. ಅಕ್ಕಿಕಾಳನ್ನು ನಾಲ್ಕರಷ್ಟು ಮಾಡಿದರೆ ಎಷ್ಟೋ ಅಷ್ಟು, 130 ಡಿಗ್ರಿ ಅಂತ ಬರೆದಿರುವ ಥರ್ಮಲ್ ಫ್ಯೂಸ್, ಬಿಸಿ ಅಷ್ಟಾದರೆ ಹಾರುವಂಥದ್ದು. ನಾನು ಹಾಕಿದ 6.3ರ ಫ್ಯೂಸ್ ಮಾಡದ ಕೆಲಸವನ್ನು ಇದು ಮಾಡಿತ್ತು. ಅದರ ಆಚೆ ಈಚೆ ಅಳೆದರೆ ಸುರುಳಿ ಚೆನ್ನಾಗಿಯೇ ಇದೆ. ಅದನ್ನು ಬಿಟ್ಟು ನೇರವಾಗಿ ವೈರು ಜೋಡಿಸಿದರೆ ಇವತ್ತೇ ಹಾಡುತ್ತದೆ. ಮನಸ್ಸು ಆ ಕಡೆ ಎಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅರ್ಧ ನಿಮಿಷದ ನನ್ನ ಬುದ್ಧಿವಂತಿಕೆಯಿಂದ ಮನೆಗೆ ಬೆಂಕಿ ಬೀಳದ ಹಾಗೆ ನೋಡಿಕೊಂಡದ್ದೇ ಅದು.

ಅಷ್ಟೇ ಡಿಗ್ರಿಯ, ಅಷ್ಟೇ ಆಂಪಿಯರಿನ ಹೊಸದು ತರಿಸಿದೆ. ನೀಟಾಗಿ ಕಾಲು ಮಡಿಸಿ, ಸೋಲ್ಡರಿಂಗ್ ಐರನ್ ಕಾಯಿಸಿ, ಒಂದು ಕಡೆ ಬೆಸೆದೆ, ಇನ್ನೊಂದು ಕಡೆಯನ್ನೂ ಬೆಸೆದೆ, ಹೊಳೆಯುವ ಬೆಸುಗೆ, ಫೋಟೋ ತೆಗೆಯುವ ಹಾಗಿತ್ತು. ಮೀಟರ್ ಇಟ್ಟೆ. ಓಪನ್.

130 ಡಿಗ್ರಿಗೆ ಹಾರುವ ಫ್ಯೂಸಿಗೆ 350 ಡಿಗ್ರಿಯ ಐರನ್ ಇಟ್ಟಿದ್ದೆ.

ಭಾವ ತುಂಬಾ ಹೊತ್ತು ನಕ್ಕರು. ಅದರ ಕಾಲನ್ನು ಬೆಸೆಯುವುದಲ್ಲವಂತೆ, ಲೋಹದ ತೋಳಿನಲ್ಲಿ ಸೇರಿಸಿ ಒತ್ತಿ ಕೂರಿಸುವುದಂತೆ. ಬೆಸೆಯಲೇಬೇಕಿದ್ದರೆ ಕಾಲನ್ನು ಉದ್ದ ಬಿಟ್ಟು, ಫ್ಯೂಸಿನ ಪಕ್ಕ ಇಕ್ಕಳದಿಂದ ಹಿಡಿದುಕೊಂಡು, ಬಿಸಿ ಒಳಗೆ ಹೋಗದ ಹಾಗೆ ಒಂದೆರಡು ಸೆಕೆಂಡಿನಲ್ಲಿ ಮುಗಿಸಬೇಕಂತೆ. ಈ ಸಲ ಐದು ಫ್ಯೂಸ್ ತರಿಸುತ್ತಿದ್ದೇನೆ, ಗುರುವಾರ ಬರುತ್ತವೆ. ಅಲ್ಲಿಯವರೆಗೆ ಆಂಪ್ಲಿಫೈಯರ್ ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿದೆ, ಪಕ್ಕದಲ್ಲಿ ರಿಸೀವರ್ ಹಾಡುತ್ತಿದೆ, ಮೇಜು ಯಾವಾಗ ಖಾಲಿಯಾಗುತ್ತದೆ ಅಂತ ಮನೆಯಲ್ಲಿ ದಿನಾ ಒಬ್ಬರು ಕೇಳುತ್ತಿದ್ದಾರೆ.